ಇಲ್ಲದ ಗೋಪುರಗಳನ್ನೂ ಬರೆದ ಜೇಮ್ಸ್ ಫರ್ಗ್ಯೂಸನ್

ಕೊನಾರ್ಕದ ಸೂರ್ಯ ದೇವಾಲಯಕ್ಕೆ ಇಂದು ಹೋಗುವ ಯಾತ್ರಿಕರು ಕಣ್ತುಂಬ ನೋಡುವುದು ಅದರ ಮುಂದಿನ ಮಂಟಪವನ್ನು. ಹಿಂಬದಿಯಲ್ಲಿ ಗರ್ಭಗುಡಿಯ ಮೇಲೆ ಮಂಟಪವನ್ನೂ ಮೀರಿ ನಿಂತಿದ್ದ ಶಿಖರ ಈಗ ಇಲ್ಲ. ಅದು ಒಂದೇ ದಿನದಲ್ಲಿ ಬಿದ್ದದ್ದೂ ಅಲ್ಲ. 1837ರಲ್ಲಿ ಸ್ಕಾಟ್ಲೆಂಡಿನ ತರುಣನೊಬ್ಬ ಅಲ್ಲಿಗೆ ಹೋದಾಗ ಆ ಶಿಖರದ ಒಂದು ಮೂಲೆ ಇನ್ನೂ 140–150 ಅಡಿ ಎತ್ತರಕ್ಕೆ ನಿಂತೇ ಇತ್ತು. ಆತ ಅದರ ಚಿತ್ರ ಬರೆದುಕೊಂಡ. 1848ರ ಬಿರುಗಾಳಿಗೆ ಆ ಮೂಲೆಯೂ ಉರುಳಿತು. ಶಿಖರ ಹೇಗಿತ್ತೆಂದು ಕೇಳುವವರಿಗೆ ಕಣ್ಣಾರೆ ಕಂಡವನ ಸಾಕ್ಷಿಯಾಗಿ ಆ ಚಿತ್ರ ಉಳಿದಿದೆ.

ಅದೇ ಕೈ ಮುಂದೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಚಿತ್ರವನ್ನೂ ಅಚ್ಚಿಗೆ ಕೊಟ್ಟಿತು. ಅದರಲ್ಲಿ ದೇವಾಲಯದ ಮೇಲೆ ಶಿಖರಗಳಿವೆ. ಆ ಶಿಖರಗಳನ್ನು ಚಿತ್ರಕಾರ ಕಂಡಿರಲಿಲ್ಲ, ಆತನ ಕಾಲದವರು ಯಾರೂ ಕಂಡಿರಲಿಲ್ಲ. ಕೊನಾರ್ಕದ ಚಿತ್ರಕ್ಕೂ ಹಳೇಬೀಡಿನ ಚಿತ್ರಕ್ಕೂ ಶಾಯಿ ಒಂದೇ, ಗೆರೆಯ ದಿಟ್ಟತನವೂ ಒಂದೇ. ಒಂದು ಕಂಡದ್ದು, ಮತ್ತೊಂದು ಊಹಿಸಿದ್ದು ಎಂಬುದು ಗೆರೆಯನ್ನು ನೋಡಿದರೆ ತಿಳಿಯುವುದಿಲ್ಲ. ಜೇಮ್ಸ್ ಫರ್ಗ್ಯೂಸನ್ ಎಂಬ ಈ ವಿದ್ವಾಂಸರ ಜೀವನದ ಹೆಚ್ಚುಗಾರಿಕೆಯೂ ಎಡವಟ್ಟೂ ಇರುವುದು ಇಲ್ಲಿಯೇ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ಪುಣೆಯ ಫರ್ಗ್ಯೂಸನ್ ಕಾಲೇಜಿಗೂ ಇವರಿಗೂ ಸಂಬಂಧವಿಲ್ಲ. ಅದು ಮುಂಬಯಿಯ ಗವರ್ನರ್ ಆಗಿದ್ದ ಅದೇ ಹೆಸರಿನ ಇನ್ನೊಬ್ಬರದು. ನಮ್ಮ ಫರ್ಗ್ಯೂಸನ್ ಹುಟ್ಟಿದ್ದು 1808ರ ಜನವರಿ 22ರಂದು, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ಎಡಿನ್‌ಬರೋದಲ್ಲಿ ಒಂದಷ್ಟು ಶಾಲೆ ಕಲಿತು, ಎಳೆಯ ಪ್ರಾಯದಲ್ಲೇ ಕಲ್ಕತ್ತೆಗೆ ಬಂದು ಅಣ್ಣನಿದ್ದ ವ್ಯಾಪಾರದ ಕೋಠಿಯನ್ನು ಸೇರಿದರು. ಬಂಗಾಳದಲ್ಲಿ ನೀಲಿ ಬೆಳೆಸಿ ದುಡ್ಡು ಮಾಡಿದರು. ನೀಲಿಯ ದುಡ್ಡು ಯಾರ ಬೆವರಿನದೆಂದು ಬಂಗಾಳದ ರೈತರ ಚರಿತ್ರೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಏನಿದ್ದರೂ ಹತ್ತೇ ವರ್ಷಗಳಲ್ಲಿ ವ್ಯಾಪಾರ ಬಿಟ್ಟು ಕೂತು ಉಣ್ಣುವಷ್ಟು ಗಳಿಕೆಯಾಯಿತು. ಕೂತು ಉಣ್ಣುವ ಸ್ವಭಾವ ಅವರದಾಗಿರಲಿಲ್ಲ. ವಾಸ್ತುಶಿಲ್ಪವನ್ನು ಯಾವ ಗುರುವಿನ ಬಳಿಯೂ ಕಲಿಯದ ಈ ವ್ಯಾಪಾರಿ 1835 ಮತ್ತು 1842ರ ನಡುವೆ ತನ್ನದೇ ಖರ್ಚಿನಲ್ಲಿ ಭಾರತದ ಉದ್ದಗಲಕ್ಕೆ ಪ್ರಯಾಣ ಮಾಡಿದರು. ಒಡಿಶಾದ ಗುಹೆಗಳು, ಅಜಂತಾ, ಎಲ್ಲೋರಾ, ಕಾರ್ಲೆ, ದಕ್ಷಿಣದಲ್ಲಿ ಮಹಾಬಲಿಪುರ, ಚಿದಂಬರ ಎಲ್ಲವನ್ನೂ ನೋಡಿದರು, ಅಳೆದರು, ಬರೆದರು.

ಬರೆಯಲು ಅವರ ಬಳಿ ಕ್ಯಾಮೆರಾ ಲೂಸಿಡಾ ಎಂಬ ಸಲಕರಣೆ ಇತ್ತು. ಫೋಟೋ ತೆಗೆಯುವ ಕ್ಯಾಮೆರಾ ಅಲ್ಲ ಇದು. ಒಂದು ಕೋಲಿನ ತುದಿಗೆ ಸಣ್ಣ ಗಾಜಿನ ಪಟ್ಟಕ. ಅದರ ಅಂಚಿನಲ್ಲಿ ಕಣ್ಣಿಟ್ಟು ನೋಡಿದರೆ ಎದುರಿನ ಕಟ್ಟಡ ಕೆಳಗಿನ ಕಾಗದದ ಮೇಲೆಯೇ ಬಿದ್ದಂತೆ ತೋರುತ್ತದೆ. ಅದರ ಮೇಲೆ ಪೆನ್ಸಿಲ್ ಓಡಿಸಿದರೆ ಅಳತೆ ತಪ್ಪುವುದಿಲ್ಲ. ಆದರೆ ಹೀಗೆ ತಂದ ಚಿತ್ರಗಳನ್ನು ಲಂಡನ್ನಿನಲ್ಲಿ ಅಚ್ಚಿನ ಕಲ್ಲಿಗೆ ಇಳಿಸಿದವರು ಟಿ. ಸಿ. ಡಿಬ್ಡಿನ್ ಎಂಬ ಕಲಾವಿದರು. ಆಕಾಶದ ಮೋಡ, ನೆರಳು ಬೆಳಕುಗಳೆಲ್ಲ ಆ ಹಂತದಲ್ಲಿ ಇನ್ನೊಂದು ಕೈಯನ್ನು ದಾಟಿಯೇ ಬಂದವು. ಕಂಡದ್ದನ್ನು ಬರೆದ ಚಿತ್ರವೂ ಕಂಡವನ ಕೈಯಿಂದ ನೇರ ನಮಗೆ ತಲುಪುವುದಿಲ್ಲ.

1845ರಲ್ಲಿ ಬಂಡೆ ಕೊರೆದ ಗುಹಾಲಯಗಳ ಬಗೆಗೆ ಅವರ ಮೊದಲ ದೊಡ್ಡ ಗ್ರಂಥ ಹೊರಬಂತು. ಇದರಲ್ಲಿಯೂ ಮುಂದಿನ ಬರಹಗಳಲ್ಲಿಯೂ ಅವರು ಎತ್ತಿ ಹಿಡಿದ ಒಂದು ವಿಚಾರ ಇಂದಿಗೂ ನಿಂತಿದೆ. ಕಾರ್ಲೆ, ಭಾಜಾಗಳ ಚೈತ್ಯಗಳಲ್ಲಿ ಕಮಾನಿನ ಒಳಗೆ ಮರದ ಪಕ್ಕಾಸುಗಳಿವೆ. ಕಲ್ಲಿನಲ್ಲಿ ಕೊರೆದ ಮಾಡಿಗೆ ಪಕ್ಕಾಸು ಏತಕ್ಕೆ? ಅದು ಯಾವ ಭಾರವನ್ನೂ ಹೊರುವುದಿಲ್ಲ. ಹಾಗಾದರೆ ಇದಕ್ಕೆ ಮೊದಲು ಮರದಲ್ಲಿ ಇಂತಹ ಕಟ್ಟಡಗಳಿದ್ದವು, ಶಿಲ್ಪಿಗಳು ಆ ಅಭ್ಯಾಸವನ್ನು ಕಲ್ಲಿಗೂ ಕೊಂಡೊಯ್ದರು ಎಂದು ಅವರು ತರ್ಕಿಸಿದರು. ಕೊಳೆತು ಹೋದ ಮರದ ಕಟ್ಟಡವನ್ನು ಉಳಿದ ಕಲ್ಲಿನಿಂದ ಓದುವ ಈ ಉಪಾಯ ಒಳ್ಳೆಯದೇ. ಆದರೆ ಒಮ್ಮೆ ಕೈಗೂಡಿದ ಉಪಾಯವನ್ನು ಕೈಗೂಡದ ಕಡೆಯಲ್ಲೂ ಪ್ರಯೋಗಿಸುವ ಆಸೆ ಅವರನ್ನು ಬಿಡಲಿಲ್ಲ.

ಫರ್ಗ್ಯೂಸನ್ ಮಾಡಿದ ಇನ್ನೊಂದು ಉಪಕಾರವೆಂದರೆ ಅಜಂತಾದ ವರ್ಣಚಿತ್ರಗಳು ದಿನದಿಂದ ದಿನಕ್ಕೆ ಉದುರುತ್ತಿವೆಯೆಂದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಕಣ್ಣು ತೆರೆಸಿದ್ದು. ಸೊಸೈಟಿ ಈಸ್ಟ್ ಇಂಡಿಯಾ ಕಂಪೆನಿಗೆ ಬಿನ್ನವಿಸಿಕೊಂಡಿತು. 1844ರಲ್ಲಿ ಮದರಾಸು ಸೈನ್ಯದ ರಾಬರ್ಟ್ ಗಿಲ್ ಅವರನ್ನು ಪ್ರತಿಚಿತ್ರ ಬರೆಯಲು ನೇಮಿಸಲಾಯಿತು. ಗಿಲ್ ವರ್ಷಗಟ್ಟಲೆ ಆ ಕಾಡುಕಣಿವೆಯಲ್ಲಿ ಕುಳಿತು ಗೋಡೆಯ ಚಿತ್ರಗಳನ್ನು ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಬಣ್ಣದಲ್ಲಿ ಇಳಿಸಿ ಲಂಡನ್ನಿಗೆ ಕಳುಹಿಸಿದರು. ಇವುಗಳ ಗತಿಯನ್ನು ಮುಂದೆ ಹೇಳುತ್ತೇನೆ.

ಆ ಹೊತ್ತಿಗೆ ಯುರೋಪಿನ ಬಾಯಲ್ಲೆಲ್ಲ ನಿನೆವೆಯ ಮಾತು. ಇಂದಿನ ಇರಾಕಿನಲ್ಲಿ ಹೆನ್ರಿ ಲೇಯಾರ್ಡ್ 1845ರಿಂದ ಅಗೆದು ಅಸ್ಸೀರಿಯಾದ ಅರಮನೆಗಳನ್ನು ಹೊರತೆಗೆದಿದ್ದರು. ಸಿಕ್ಕಿದ್ದೇನು? ಗೋಡೆಯ ಬುಡಕ್ಕೆ ಹೊದಿಸಿದ ಶಿಲ್ಪದ ಚಪ್ಪಡಿಗಳು, ಬಾಗಿಲಲ್ಲಿ ರೆಕ್ಕೆಯುಳ್ಳ ಮಹಾವೃಷಭಗಳು. ಅದರ ಮೇಲಿನದೆಲ್ಲ ಹಸಿ ಇಟ್ಟಿಗೆ. ಅದು ಎಂದೋ ಕರಗಿ ಮಣ್ಣಿನ ದಿಬ್ಬವಾಗಿತ್ತು. ಮಾಡು ಹೇಗಿತ್ತು, ಬೆಳಕು ಎಲ್ಲಿಂದ ಬರುತ್ತಿತ್ತು, ಮೇಲೊಂದು ಅಂತಸ್ತು ಇತ್ತೇ, ಕಿಟಿಕಿ ಇತ್ತೇ, ಯಾವುದಕ್ಕೂ ನೆಲದಲ್ಲಿ ಉತ್ತರವಿರಲಿಲ್ಲ.

ಫರ್ಗ್ಯೂಸನ್ ಉತ್ತರ ಕೊಟ್ಟರು. ನಿನೆವೆ ಮತ್ತು ಪರ್ಸೆಪೊಲಿಸ್ ಅರಮನೆಗಳನ್ನು ಪುನಃ ಕಟ್ಟಿ ತೋರಿಸುವ ಅವರ ಪುಸ್ತಕ 1851ರಲ್ಲಿ ಪ್ರಕಟವಾಯಿತು. ಪರ್ಷಿಯಾದ ಪರ್ಸೆಪೊಲಿಸಿನಲ್ಲಿ ಎತ್ತಿನ ತಲೆಯ ಬೋದಿಗೆಯುಳ್ಳ ಕಲ್ಲಿನ ಕಂಬಗಳು ಇನ್ನೂ ನಿಂತಿವೆ. ಪರ್ಷಿಯದವರು ಅಸ್ಸೀರಿಯಾದಿಂದ ಕಲಿತವರು. ಆದುದರಿಂದ ಅಸ್ಸೀರಿಯಾದಲ್ಲಿಯೂ ಇಂತಹ ಕಂಬಗಳಿದ್ದಿರಬೇಕು. ಅಗೆದಾಗ ಸಿಗಲಿಲ್ಲವೇಕೆಂದರೆ ಅವು ಮರದವು, ಕೊಳೆತು ಹೋದವು. ಹೀಗೆ ಕಾರ್ಲೆಯ ತರ್ಕ ಟೈಗ್ರಿಸ್ ನದಿಯ ದಡಕ್ಕೆ ಹೋಯಿತು. ಒಂದೇ ಒಂದು ವ್ಯತ್ಯಾಸ. ಕಾರ್ಲೆಯಲ್ಲಿ ಮರದ ಪಕ್ಕಾಸು ಕಣ್ಣೆದುರಿಗೇ ಇತ್ತು. ಇಲ್ಲಿ ಮರ ಇಲ್ಲದಿರುವುದೇ ಮರ ಇತ್ತೆಂಬುದಕ್ಕೆ ಆಧಾರವಾಯಿತು.

ಅವರ ಕರಡಿನಿಂದ ಬರೆದ ನಿಮ್ರೂದ್ ಅರಮನೆಗಳ ಬಣ್ಣದ ಚಿತ್ರ 1853ರ ಲೇಯಾರ್ಡ್ ಗ್ರಂಥದ ಮೊದಲ ಪಟವಾಗಿ ಬಂತು. ನದಿಯ ಮೇಲೆ ದೋಣಿಗಳು, ದಡದಲ್ಲಿ ಜಗಲಿಯ ಮೇಲೆ ಜಗಲಿ, ಮೇಲಂತಸ್ತುಗಳಲ್ಲಿ ಸಾಲುಗಂಬಗಳು. ನೋಡಿದವರು ಮರೆಯುವ ಚಿತ್ರವಲ್ಲ. ಕಂಬಸಾಲಿನ ಆ ಮೇಲಂತಸ್ತುಗಳನ್ನು ಇಂದಿನ ಪುರಾತತ್ತ್ವಜ್ಞರು ಒಪ್ಪುವುದಿಲ್ಲ. ಚಿತ್ರ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಬಂದಿದೆ.

ಇಲ್ಲಿ ಫರ್ಗ್ಯೂಸನ್ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಬರಹಗಾರನಿಗೆ ಬಹುಶಃ ಎಂಬ ಪದವಿದೆ, ಇರಬಹುದು ಎಂಬ ಕ್ರಿಯಾಪದವಿದೆ. ಚಿತ್ರಕಾರನಿಗೆ ಅಂತಹ ಅನುಕೂಲವಿಲ್ಲ. ಗೋಡೆಯ ಮೇಲೆ ಮಾಡು ಬರೆಯಲೇಬೇಕು, ಬರೆದರೆ ಅದು ಇಳಿಜಾರೋ ಚಪ್ಪಟೆಯೋ ಆಗಿಯೇ ತೀರಬೇಕು. ನಮ್ಮ ಬೇಕಲ ಕೋಟೆಯನ್ನೇ ತೆಗೆದುಕೊಳ್ಳಿ. ಕೆಳದಿಯ ನಾಯಕರ ಕಾಲದಲ್ಲಿ ಅದರೊಳಗೆ ಹೇಗಿತ್ತೆಂದು ಒಂದು ಚಿತ್ರ ಬರೆಯಹೊರಟರೆ ಕೋಟೆಯ ಗೋಡೆ, ಕೊತ್ತಳಗಳು ಸುಲಭ. ಒಳಗಿನ ಸಿಪಾಯಿಯ ಮನೆಗೆ ಮುಳಿಹುಲ್ಲು ಹೊದಿಸುವುದೋ ಓಲೆಯ ಮಡಲು ಹೊದಿಸುವುದೋ ಎಂಬಲ್ಲಿಗೆ ಬಂದಾಗ ಕೈ ನಿಲ್ಲುತ್ತದೆ. ಫರ್ಗ್ಯೂಸನ್ ಕೈ ಎಲ್ಲಿಯೂ ನಿಲ್ಲಲಿಲ್ಲ.

ಕಾಗದದಲ್ಲಿದ್ದದ್ದು ಬೇಗನೆ ಕಟ್ಟಡವೂ ಆಯಿತು. ಲಂಡನ್ನಿನ ಹೊರವಲಯದ ಸಿಡೆನ್‌ಹ್ಯಾಮಿನಲ್ಲಿ 1854ರಲ್ಲಿ ತೆರೆದ ಗಾಜಿನ ಅರಮನೆ, ಅಂದರೆ ಕ್ರಿಸ್ಟಲ್ ಪ್ಯಾಲೇಸಿನಲ್ಲಿ, ನಾನಾ ದೇಶ ಕಾಲಗಳ ಕಟ್ಟಡಗಳನ್ನು ನಿಜವೆಂಬಂತೆ ಕಟ್ಟಿ ತೋರಿಸಲಾಗಿತ್ತು. ಅದರೊಳಗಿನ ನಿನೆವೆ ಅಂಗಣ ಫರ್ಗ್ಯೂಸನ್ ಅವರ ಯೋಜನೆ. ಲೇಯಾರ್ಡ್ ಸಲಹೆಗಾರರು. ಕೆಳಗೆ ಅಸ್ಸೀರಿಯಾದ ವೃಷಭಗಳ ಅಚ್ಚುಗಳು, ಮೇಲೆ ಪರ್ಷಿಯಾದ ಮಾದರಿಯ ಕಂಬಗಳು, ಎಲ್ಲಕ್ಕೂ ಢಾಳಾದ ಬಣ್ಣ. ಸಾವಿರಾರು ಜನ ಅದರೊಳಗೆ ನಡೆದಾಡಿ ನಿನೆವೆಯನ್ನು ಕಂಡೆವೆಂದು ಮನೆಗೆ ಹೋದರು. 1856ರಿಂದ 1858ರವರೆಗೆ ಫರ್ಗ್ಯೂಸನ್ ಆ ಸಂಸ್ಥೆಯ ವ್ಯವಸ್ಥಾಪಕರೂ ಆಗಿದ್ದರು.

ಗಿಲ್ ಕಳುಹಿಸಿದ ಅಜಂತಾದ ಪ್ರತಿಚಿತ್ರಗಳನ್ನೂ ಪ್ರದರ್ಶನಕ್ಕೆಂದು ಇದೇ ಗಾಜಿನ ಅರಮನೆಯಲ್ಲಿ ಇಟ್ಟಿದ್ದರು. 1866ರ ಡಿಸೆಂಬರ್ 30ರಂದು ಕಟ್ಟಡದ ಉತ್ತರ ಭಾಗಕ್ಕೆ ಬೆಂಕಿ ಬಿತ್ತು. ನಿನೆವೆ ಅಂಗಣ ಸುಟ್ಟುಹೋಯಿತು. ಗಿಲ್ ಅವರ ಚಿತ್ರಗಳಲ್ಲಿಯೂ ಕೆಲವನ್ನು ಬಿಟ್ಟು ಉಳಿದೆಲ್ಲವೂ ಸುಟ್ಟುಹೋದವು. ನಿನೆವೆ ಅಂಗಣ ಹೋದುದರಿಂದ ನಷ್ಟವಾದದ್ದು ಸುಣ್ಣಗಾರೆ ಮತ್ತು ಬಣ್ಣ. ಅದನ್ನು ಪುನಃ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಆದರೆ ಗಿಲ್ ಬರೆದುಕೊಂಡ ಬಳಿಕ ಅಜಂತಾದ ಗೋಡೆಯಿಂದ ಉದುರಿದ ಭಾಗಗಳಿಗೆ ಬೇರೆ ಸಾಕ್ಷಿ ಎಲ್ಲಿಂದ ತರುವುದು? ಮುಂದೆ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ಮತ್ತು ಅವರ ಶಿಷ್ಯರು 1872ರಿಂದ ಹೊಸದಾಗಿ ಪ್ರತಿಗಳನ್ನು ಬರೆದರು. ಅವುಗಳಲ್ಲಿಯೂ ಹಲವು 1885ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಬೆಂಕಿಗೆ ಆಹುತಿಯಾದವು.

ಜೆರುಸಲೇಮಿನ ವಿಷಯದಲ್ಲಿ ಫರ್ಗ್ಯೂಸನ್ ಹಟ ಹಿಡಿದದ್ದು ಎಲ್ಲಕ್ಕಿಂತ ವಿಚಿತ್ರ. ಅಲ್ಲಿನ ಬಂಡೆಯ ಗುಮ್ಮಟ ಎಂಬ ಪವಿತ್ರ ಕಟ್ಟಡವನ್ನು ಕಟ್ಟಿದ್ದು ಖಲೀಫರಲ್ಲ, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, ಅದೇ ಏಸುವಿನ ಸಮಾಧಿಯ ಇಗರ್ಜಿ ಎಂದು 1847ರಲ್ಲಿಯೇ ಬರೆದರು. ಕಟ್ಟಡದೊಳಗೆ ಹಿಜರಿ 72ರ, ಅಂದರೆ ಕ್ರಿ.ಶ. 691–92ರ, ಅರಬ್ಬಿ ಶಾಸನವೇ ಇದೆ. ಅದು ಪ್ರಕಟವಾದ ಮೇಲೂ ಅವರು ಹಿಂದೆ ಸರಿಯಲಿಲ್ಲ. ಶಾಸನದ ಅಕ್ಷರಕ್ಕಿಂತ ಕಂಬದ ಆಕಾರವೇ ಸತ್ಯ ಹೇಳುತ್ತದೆ ಎಂಬುದು ಅವರ ಜೀವಮಾನದ ನಂಬಿಕೆ. ಹಾಲಿಕಾರ್ನಸಸ್ಸಿನ ಮಹಾಸಮಾಧಿಯನ್ನೂ 1862ರಲ್ಲಿ ಕಾಗದದಲ್ಲಿ ಕಟ್ಟಿದರು. ಪ್ಲಿನಿ ಕೊಟ್ಟ ಕೆಲವೇ ಅಂಕೆಗಳಿಗೆ ಕಟ್ಟಡವನ್ನು ಹೊಂದಿಸುವ ಆ ಲೆಕ್ಕದಲ್ಲಿ ಇವರಿಗೆ ಮೊದಲೂ ಬಳಿಕವೂ ಎಷ್ಟೋ ಮಂದಿ ಎಷ್ಟೋ ಬಗೆಯಲ್ಲಿ ಕೈಯಾಡಿಸಿದ್ದಾರೆ.

ಇವೆಲ್ಲಕ್ಕಿಂತ ಗಟ್ಟಿಯಾದ ಕೆಲಸ ಅಮರಾವತಿಯದು. ಕೃಷ್ಣಾ ತೀರದ ಆ ಸ್ತೂಪವನ್ನು ಸ್ಥಳೀಯ ಜಮೀನುದಾರರು ಕಲ್ಲಿಗಾಗಿ ಅಗೆಯುತ್ತಿದ್ದ ಕಾಲದಲ್ಲಿ, 1798ರಲ್ಲಿ, ಕರ್ನಲ್ ಕಾಲಿನ್ ಮೆಕೆಂಜಿ ಮೊದಲ ಸಲ ನೋಡಿದರು. 1816ರ ಬಳಿಕ ಮತ್ತೆ ಬಂದು ತಮ್ಮ ನಕಾಶೆಗಾರರಿಂದ ಚಿತ್ರಗಳನ್ನು ಬರೆಯಿಸಿದರು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆದು ತೆಗೆದ ಶಿಲ್ಪಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗಿ, ಅಲ್ಲಿ ಒಂದು ಕುದುರೆ ಲಾಯದ ಕೊಟ್ಟಿಗೆಯಲ್ಲಿ ಬಿದ್ದುಕೊಂಡಿದ್ದವು. 1867ರ ಪ್ಯಾರಿಸ್ ಪ್ರದರ್ಶನಕ್ಕೆ ಭಾರತದ ವಾಸ್ತುಶಿಲ್ಪದ ಚಿತ್ರಗಳನ್ನು ಹೊಂದಿಸುತ್ತಿದ್ದ ಫರ್ಗ್ಯೂಸನ್ ಅವುಗಳನ್ನು ಪತ್ತೆ ಹಚ್ಚಿದರು. ಕಲ್ಲುಗಳನ್ನು ಒಂದೊಂದಾಗಿ ಫೋಟೋ ತೆಗೆಯಿಸಿ, ಮೆಕೆಂಜಿಯ ಚಿತ್ರಗಳೊಡನೆ ತಾಳೆ ನೋಡಿ, ಸ್ತೂಪದ ಸುತ್ತಿನ ಕಟಕಟೆಯನ್ನು ಕಾಗದದ ಮೇಲೆ ನಿಲ್ಲಿಸಿದರು. ಇಲ್ಲಿ ಅವರಿಗೆ ಒಂದು ದೊಡ್ಡ ಆಸರೆ ಇತ್ತು. ಅಮರಾವತಿಯ ಶಿಲ್ಪಿಗಳು ತಮ್ಮ ಫಲಕಗಳಲ್ಲಿ ಸ್ತೂಪದ ಚಿತ್ರವನ್ನೇ ಚಿಕ್ಕದಾಗಿ ಕೆತ್ತಿದ್ದರು. ಅಷ್ಟಾದರೂ ಸ್ತೂಪದ ಬುಡಕ್ಕೆ ಹೊದಿಸಿದ್ದ ಫಲಕಗಳನ್ನು ಅವರು ಎರಡನೆಯ ಒಳ ಕಟಕಟೆಯೆಂದು ಎಣಿಸಿದರು. ಸ್ಥಳಕ್ಕೆ ಹೋಗಿ ನೋಡಿದ ಜೇಮ್ಸ್ ಬರ್ಜೆಸ್ ಬಳಿಕ ಅದನ್ನು ತಿದ್ದಿದರು. ಬರ್ಜೆಸ್ ಇವರಿಗೆ ಆಪ್ತರು, ಭಾರತದ ಗುಹಾಲಯಗಳ ಬಗೆಗೆ 1880ರಲ್ಲಿ ಇವರೊಡನೆ ಕೂಡಿ ಗ್ರಂಥ ಬರೆದವರು.

ಕನ್ನಡ ನಾಡಿಗೆ ಫರ್ಗ್ಯೂಸನ್ ತಲುಪಿದ್ದು ಫೋಟೋಗಳ ಮೂಲಕ. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಬಂದ ದೊಡ್ಡ ಗ್ರಂಥದಲ್ಲಿ ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಫೋಟೋಗಳಿದ್ದವು. ಇತಿಹಾಸವನ್ನು ಮೆಡೋಸ್ ಟೇಲರ್ ಬರೆದರು, ವಾಸ್ತುವಿನ ಟಿಪ್ಪಣಿಯನ್ನು ಫರ್ಗ್ಯೂಸನ್ ಬರೆದರು. ಕೊನೆ ಕೊನೆಗೆ ಭಾರತದ ಕಟ್ಟಡಗಳ ಮೂರು ಸಾವಿರದಷ್ಟು ಫೋಟೋಗಳು ಅವರ ಸಂಗ್ರಹದಲ್ಲಿದ್ದವು. ಕುಳಿತಲ್ಲೇ ಇಡೀ ದೇಶವನ್ನು ಹೋಲಿಸಿ ನೋಡುವ ಈ ಅನುಕೂಲ ಅವರಿಗಿಂತ ಮೊದಲು ಯಾರಿಗೂ ಇರಲಿಲ್ಲ. ಇದರ ಫಲವೇ 1876ರ ಭಾರತೀಯ ಮತ್ತು ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸ. ಭಾರತದ ಸಮಸ್ತ ಕಟ್ಟಡಗಳನ್ನು ಕಾಲ, ದೇಶ, ಶೈಲಿಗಳಾಗಿ ವಿಂಗಡಿಸಿದ ಮೊದಲ ಗ್ರಂಥ ಅದು.

ಹಳೇಬೀಡಿನ ದೇವಾಲಯವನ್ನು ಅವರು ಅದರಲ್ಲಿ ಗ್ರೀಸಿನ ಪಾರ್ಥೆನಾನಿಗೆ ಎದುರಾಗಿ ನಿಲ್ಲಿಸಿದರು. ಸಂಯಮದ ತುತ್ತತುದಿ ಅದು, ಸಮೃದ್ಧಿಯ ತುತ್ತತುದಿ ಇದು ಎಂಬುದು ಅವರ ಎಣಿಕೆ. ಹೊಯ್ಸಳರ ಶಿಲ್ಪಿಗಳನ್ನು ಇಷ್ಟು ಎತ್ತರದಲ್ಲಿಟ್ಟ ಯುರೋಪಿಯನ್ನರು ಆಗ ಬೇರೆ ಯಾರಿದ್ದರು? ಆದರೆ ದೇವಾಲಯದ ಕೆಲಸ ಹದಿಮೂರನೆಯ ಶತಮಾನದಲ್ಲಿ ಮೊದಲಾಗಿ, ದಿಲ್ಲಿಯ ದಂಡು ಬಂದುದರಿಂದ ಅರ್ಧಕ್ಕೆ ನಿಂತಿತು ಎಂದು ಅವರು ತಿಳಿದರು. ಕೆಲಸ ಮುಗಿದಿದ್ದರೆ ಹೇಗಿರುತ್ತಿತ್ತು ಎಂದು ಶಿಖರಗಳನ್ನು ಏರಿಸಿ ಚಿತ್ರವನ್ನು ಪೂರ್ತಿ ಮಾಡಿದರು. ಈಗ ತಿಳಿದಂತೆ ವಿಷ್ಣುವರ್ಧನನ ಕಾಲದಲ್ಲಿ, 1121ರಲ್ಲಿ, ಕೇತಮಲ್ಲ ಎಂಬ ಅಧಿಕಾರಿ ಇದನ್ನು ಕಟ್ಟಿಸಿದನು. ಮಲಿಕ್ ಕಾಫರನ ದಂಡು ಬಂದದ್ದು 1311ರಲ್ಲಿ. ನಡುವೆ ಇರುವುದು ಬರೋಬ್ಬರಿ 190 ವರ್ಷ. ಶಿಖರ ಇದ್ದು ಬಿದ್ದಿತೋ, ಮೊದಲಿನಿಂದಲೇ ಇರಲಿಲ್ಲವೋ ಎಂಬ ಚರ್ಚೆ ಬೇರೆ. ಅದೇ ಹಳೇಬೀಡಿನ ಕೇದಾರೇಶ್ವರನಿಗಾದರೋ ಆಗ ಶಿಖರವಿತ್ತು. ಅದರ ಸಂದಿಯಲ್ಲಿ ಮರ ಬೇರು ಬಿಟ್ಟು ಕಲ್ಲುಗಳನ್ನು ಸಡಿಲಿಸುತ್ತಿದ್ದುದು ಅಂದಿನ ಫೋಟೋದಲ್ಲಿ ಕಾಣುತ್ತದೆ. ಆ ಶಿಖರ ಇಂದು ಇಲ್ಲ.

ನಮ್ಮ ಕರಾವಳಿಯೂ ಆ ಗ್ರಂಥದಲ್ಲಿದೆ. ಮೂಡುಬಿದಿರೆಯ ಬಸದಿಗಳ ಒಂದರ ಮೇಲೊಂದು ಇಳಿಜಾರಾದ ಮಾಡುಗಳನ್ನು ಕಂಡು ಅವರಿಗೆ ನೇಪಾಳದ ನೆನಪಾಯಿತು. ಹಿಮಾಲಯಕ್ಕೂ ಕನ್ನಡ ಕರಾವಳಿಗೂ ಎಲ್ಲಿಯ ನಂಟು ಎಂದು ಚಕಿತರಾದರು, ಉತ್ತರ ಸಿಗಲಿಲ್ಲ. ಆಟಿ ತಿಂಗಳ ಒಂದು ವಾರ ಇಲ್ಲಿ ಕಳೆದಿದ್ದರೆ ಸಿಗುತ್ತಿತ್ತು. ಮಧೂರಿನ ಗಜಪೃಷ್ಠ ಗುಡಿಯ ಮೂರಂತಸ್ತಿನ ಮಾಡನ್ನು ದಿನವೂ ನೋಡುವ ನಮಗೆ ಅದು ಸೋಜಿಗವಲ್ಲ, ಮಳೆಯ ಲೆಕ್ಕ. ಫೋಟೋದಲ್ಲಿ ಮಾಡು ಬೀಳುತ್ತದೆ, ಮಳೆ ಬೀಳುವುದಿಲ್ಲ.

ಭಾರತದ ಶಿಲ್ಪಕಲೆ ಮೊದಲಲ್ಲಿ ಉತ್ತಮ, ಬರಬರುತ್ತ ಇಳಿಮುಖ ಎಂಬ ಸಿದ್ಧಾಂತವೊಂದನ್ನು ಫರ್ಗ್ಯೂಸನ್ ಕಟ್ಟಿಕೊಂಡಿದ್ದರು. ಹಾಗಾಗಿ ಕೊನಾರ್ಕ ಪುರಿಯ ಜಗನ್ನಾಥ ದೇವಾಲಯಕ್ಕಿಂತ ಚೆನ್ನಾಗಿದೆ ಎಂಬ ಕಾರಣಕ್ಕೇ ಅದನ್ನು ಒಂಬತ್ತನೆಯ ಶತಮಾನಕ್ಕೆ ದಬ್ಬಿದರು. ಅದು ಹದಿಮೂರನೆಯ ಶತಮಾನದ ನರಸಿಂಹದೇವನ ನಿರ್ಮಾಣ. ಬಂಗಾಳದ ವಿದ್ವಾಂಸ ರಾಜೇಂದ್ರಲಾಲ್ ಮಿತ್ರ ಅವರು 1875 ಮತ್ತು 1880ರಲ್ಲಿ ಒಡಿಶಾದ ಪ್ರಾಚೀನ ಅವಶೇಷಗಳ ಬಗೆಗೆ ಎರಡು ಸಂಪುಟಗಳನ್ನು ಹೊರತಂದರು. ಕಲ್ಲಿನಲ್ಲಿ ಕಟ್ಟುವುದನ್ನು ಭಾರತೀಯರು ಗ್ರೀಕರಿಂದ ಕಲಿತರು ಎಂಬ ಫರ್ಗ್ಯೂಸನ್ ವಾದವನ್ನು ಅವರು ಖಂಡಿಸಿದರು. ಮಿತ್ರರಿಗೆ ಸಂಸ್ಕೃತ ಗ್ರಂಥಗಳ ಆಳವಾದ ಪರಿಚಯವಿತ್ತು. ಫರ್ಗ್ಯೂಸನ್ ಭಾರತೀಯ ಭಾಷೆಯ ಗ್ರಂಥಗಳಿಗಿಂತ ಕಲ್ಲನ್ನೇ ನೆಚ್ಚಿದವರು.

ವಿದ್ವಾಂಸರೊಳಗಿನ ಜಗಳವಾಗಿ ಇದು ಮುಗಿಯಬಹುದಿತ್ತು. ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರ ವಿಚಾರಣೆ ಮಾಡಬಹುದೆಂಬ ಇಲ್ಬರ್ಟ್ ಮಸೂದೆ 1883ರಲ್ಲಿ ಬಂದು ಕಲ್ಕತ್ತೆಯ ಬಿಳಿಯರು ರೊಚ್ಚಿಗೆದ್ದಿದ್ದರು. ಮರುವರ್ಷ ಎಪ್ಪತ್ತಾರರ ಪ್ರಾಯದ ಫರ್ಗ್ಯೂಸನ್ ಮಿತ್ರರ ವಿರುದ್ಧವೇ ಒಂದು ಪುಸ್ತಕ ಬರೆದು, ಅವರ ತಪ್ಪುಗಳನ್ನು ಎತ್ತಿ ತೋರಿಸಿ, ಇಂತಹವರ ಕೈಗೆ ಯುರೋಪಿಯನ್ನರ ಮೇಲಿನ ಅಧಿಕಾರ ಕೊಡಬಹುದೇ ಎಂಬಲ್ಲಿಗೆ ಮಾತನ್ನು ಮುಟ್ಟಿಸಿದರು. ನಿನೆವೆಗೆ ಇಲ್ಲದ ಕಂಬ ನಿಲ್ಲಿಸಿದವರು, ಶಾಸನವನ್ನು ಓದಿ ಹೇಳಿದರೂ ಒಪ್ಪದವರು, ಒಬ್ಬ ಭಾರತೀಯನ ತಪ್ಪನ್ನು ಒಂದು ಜನಾಂಗದ ಅಯೋಗ್ಯತೆಗೆ ಸಾಕ್ಷಿ ಮಾಡಿದರು. ಇದು ಅವರ ಹೆಸರಿಗೆ ಅಂಟಿದ ಕಲೆ. 1885ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿ ತನ್ನ ಮೊದಲ ಭಾರತೀಯ ಅಧ್ಯಕ್ಷರಾಗಿ ಆರಿಸಿದ್ದು ರಾಜೇಂದ್ರಲಾಲ್ ಮಿತ್ರರನ್ನು. ಅಶೋಕನಿಗೆ ಮೊದಲು ಮರದ ಕಟ್ಟಡಗಳೇ ಹೆಚ್ಚೆಂಬ ಫರ್ಗ್ಯೂಸನ್ ಮಾತಿಗೆ ಪಾಟಲಿಪುತ್ರದ ಅಗೆತದಲ್ಲಿ ಸಿಕ್ಕಿದ ಮರದ ಕೋಟೆ ಮುಂದೆ ಬೆಂಬಲವಾದದ್ದೂ ನಿಜ.

ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ 1871ರಲ್ಲಿ ಚಿನ್ನದ ಪದಕ ಕೊಟ್ಟು ಗೌರವಿಸಿದ್ದ, ಒಂದು ಕಟ್ಟಡ ಕಟ್ಟುವುದನ್ನೂ ಶಾಲೆಯಲ್ಲಿ ಕಲಿಯದ ಈ ವಾಸ್ತುಶಿಲ್ಪದ ಇತಿಹಾಸಕಾರರು 1886ರ ಜನವರಿ 9ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ದೊಡ್ಡ ಇತಿಹಾಸವನ್ನು ಬರ್ಜೆಸ್ ಮತ್ತು ಫೀನೆ ಸ್ಪಿಯರ್ಸ್ ಪರಿಷ್ಕರಿಸಿ 1910ರಲ್ಲಿ ಎರಡು ಸಂಪುಟಗಳಲ್ಲಿ ತಂದರು. ಪಠ್ಯವನ್ನು ತಿದ್ದುವುದಕ್ಕೆ ಅಡಿಟಿಪ್ಪಣಿ ಹಾಕಿದರೆ ಸಾಕು, ಮರದ ಅಚ್ಚಿನಲ್ಲಿ ಒಮ್ಮೆ ಎದ್ದ ಶಿಖರಕ್ಕೆ ಅಡಿಟಿಪ್ಪಣಿ ಹಾಕುವುದು ಕಷ್ಟ. ಕೊನಾರ್ಕದ ಮಂಟಪ ಕುಸಿಯಬಾರದೆಂದು 1903ರಲ್ಲಿ ಅದರೊಳಗೆ ಮರಳು ತುಂಬಿ ಬಾಗಿಲುಗಳನ್ನು ಮುಚ್ಚಿದರು. ಹಳೇಬೀಡಿನ ದೇವಾಲಯದ ಮೇಲೆ ಇಂದಿಗೂ ಚಪ್ಪಟೆ ಮಾಡು, ಅದರ ಮೇಲೆ ಬರಿಯ ಆಕಾಶ.